ಏಳು ದ್ವೀಪಗಳಿಗೆ ಒಂದು ದಿನದ ಬಾಡಿಗೆ

ಮುಂಬಯಿ ನೋಡಲು ಊರಿನಿಂದ ಬರುವ ನಮ್ಮವರ ಪಟ್ಟಿ ಹೆಚ್ಚುಕಮ್ಮಿ ಒಂದೇ ಬಗೆಯದು. ಗೇಟ್‌ವೇ, ಮಹಾಲಕ್ಷ್ಮಿ, ಸಿದ್ಧಿವಿನಾಯಕ, ಹಾಜಿ ಅಲಿ, ಜುಹೂ ಚೌಪಾಟಿ, ಜೊತೆಗೆ ಒಬ್ಬಿಬ್ಬರು ಸಿನಿಮಾ ನಟರ ಮನೆಯ ಗೇಟು. ಇದನ್ನೆಲ್ಲ ತೋರಿಸಲು ‘ಮುಂಬಯಿ ದರ್ಶನ’ದ ಬಸ್ಸುಗಳಿವೆ. ಬೆಳಿಗ್ಗೆ ಹತ್ತಿದರೆ ಸಂಜೆ ಇಳಿಸುತ್ತವೆ. ಆದರೆ ತಾವು ದಿನವಿಡೀ ಓಡಾಡಿದ್ದು ಏಳು ದ್ವೀಪಗಳನ್ನು ಸೇರಿಸಿ ಹೊಲಿದ ಒಂದು ಕೌದಿಯ ಮೇಲೆ ಎಂಬುದು ಆ ಬಸ್ಸಿನಿಂದ ಇಳಿದವರಿಗೆ ಗೊತ್ತಾಗುವುದಿಲ್ಲ. ಇಲ್ಲೇ ಮೂವತ್ತು ವರ್ಷ ಇದ್ದವರಿಗೂ ಅದು ನೆನಪಿರುವುದಿಲ್ಲ ಅನ್ನಿ.

ಕೊಲಾಬಾ, ಅದಕ್ಕೆ ತಾಗಿದ ಸಣ್ಣ ಕೊಲಾಬಾ, ಮುಂಬಯಿ, ಮಜಗಾಂವ್, ವರ್ಲಿ, ಪರೇಲ್, ಮಾಹಿಮ್ - ಇವೇ ಆ ಏಳು. ಮಧ್ಯೆ ಉಪ್ಪುನೀರಿನ ಖಾಡಿಗಳು. ಭರತದಲ್ಲಿ ದೋಣಿ, ಇಳಿತದಲ್ಲಿ ಕೆಸರು. ಈಗ ಏಳನ್ನೂ ನೋಡಲು ದೋಣಿ ಬೇಡ, ಒಂದು ಟ್ಯಾಕ್ಸಿ ಸಾಕು. ಅಂಕೋಲೆಯ ನನ್ನ ಭಾವ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಿ ನಿವೃತ್ತರಾದವರು. ಅಕ್ಕನ ಜೊತೆ ಬಂದಾಗ, ‘ಬಸ್ಸು ಬೇಡ ಮಾರಾಯ, ನಾವು ಹೇಳಿದಲ್ಲಿ ನಿಲ್ಲುವ ಗಾಡಿ ಮಾಡು’ ಅಂದರು. ಎಂಟು ಗಂಟೆ, ಎಂಬತ್ತು ಕಿಲೋಮೀಟರ್ ಎಂಬುದು ಇಲ್ಲಿಯ ದಿನದ ಬಾಡಿಗೆಯ ಲೆಕ್ಕ. ಅದಕ್ಕಿಂತ ಹೆಚ್ಚಾದರೆ ಗಂಟೆಗಿಷ್ಟು, ಕಿಲೋಮೀಟರಿಗಿಷ್ಟು ಅಂತ ಮೊದಲೇ ಮಾತಾಡಿಕೊಳ್ಳಬೇಕು. ಪಾರ್ಕಿಂಗ್, ಟೋಲ್ ನಮ್ಮ ಕೈಯದು.

ಒಂದು ಮಾತು. ಇಂಥ ದಿನಕ್ಕೆ ಚಾಲಕ ಹಳಬನೇ ಆಗಬೇಕು. ಮೊಬೈಲಿನ ನಕ್ಷೆ ದಾರಿ ತೋರಿಸುತ್ತದೆ, ಸರಿ. ಆದರೆ ಮಳೆಗಾಲದಲ್ಲಿ ಯಾವ ರಸ್ತೆಯಲ್ಲಿ ಎಷ್ಟು ನೀರು ನಿಲ್ಲುತ್ತದೆ ಎಂಬುದು ಮೂವತ್ತು ಮಳೆಗಾಲ ಕಂಡವನಿಗೇ ಗೊತ್ತು. ಈ ಜ್ಞಾನ ಚರಿತ್ರೆಗೆ ಎಷ್ಟು ಬೇಕಾದದ್ದು ಅಂತ ಮುಂದೆ ಹೇಳುತ್ತೇನೆ. ನಮ್ಮವನು ಉತ್ತರಪ್ರದೇಶದ ಜೌನ್‌ಪುರದ ಕಡೆಯವನು, ಅರವತ್ತರ ಹತ್ತಿರದ ಪ್ರಾಯ.

ಶುರುವಾಗಬೇಕಾದದ್ದು ಸಾಯನ್‌ನಿಂದ. ನಿಮಗೆ ಒಂದು ವಿಚಿತ್ರ ಗೊತ್ತಿರಬಹುದು. ಮುಂಬಯಿಯ ಉಪನಗರಗಳಲ್ಲೆಲ್ಲ ಆಟೋರಿಕ್ಷಾ ಓಡುತ್ತದೆ. ಆದರೆ ಪೂರ್ವದಲ್ಲಿ ಸಾಯನ್, ಪಶ್ಚಿಮದಲ್ಲಿ ಬಾಂದ್ರಾ ಬಂದರೆ ಅದರ ಕತೆ ಮುಗಿಯಿತು. ಅಲ್ಲಿಂದ ದಕ್ಷಿಣಕ್ಕೆ ಟ್ಯಾಕ್ಸಿ ಮಾತ್ರ. ಸಾಯನ್ ಎಂಬ ಹೆಸರಿನ ಮೂಲ ‘ಶೀವ’. ಮರಾಠಿಯಲ್ಲಿ ಅದು ಗಡಿ, ನಮ್ಮ ‘ಸೀಮೆ’ಯ ನಂಟಿನ ಮಾತು. ದ್ವೀಪದ ಗಡಿ ಮುಗಿದು ಖಾಡಿಯಾಚೆ ಸಾಷ್ಟಿ ಎಂಬ ದೊಡ್ಡ ದ್ವೀಪ ಶುರುವಾಗುತ್ತಿದ್ದದ್ದು ಇಲ್ಲೇ. ಖಾಡಿ ಬತ್ತಿ ಹೋಗಿದೆ, ಗಡಿ ಮಾತ್ರ ರಿಕ್ಷಾದವರ ಬಾಯಲ್ಲಿ ಉಳಿದಿದೆ.

ಸಾಯನ್ ಗುಡ್ಡದ ಮೇಲಿನ ಕೋಟೆ ಜೆರಾಲ್ಡ್ ಆಂಜಿಯರ್ ಗವರ್ನರ್ ಆಗಿದ್ದ ಕಾಲದ್ದು, ಅಂದರೆ 1669-1677ರ ನಡುವಿನದು. ಹತ್ತು ನಿಮಿಷ ಹತ್ತಿದರೆ ಕಾಣುವುದು ಒಡೆದ ಗೋಡೆ, ಸುತ್ತ ಕಟ್ಟಡಗಳ ಕಾಡು. ಇಲ್ಲಿಂದ ದೂರವಲ್ಲದ ಧಾರಾವಿಯಲ್ಲಿ ‘ಕಾಲಾ ಕಿಲ್ಲಾ’ ಎಂಬ ಇನ್ನೊಂದು ಪುಟ್ಟ ಕೋಟೆಯಿದೆ. 1737ರಲ್ಲಿ ಗವರ್ನರ್ ಜಾನ್ ಹಾರ್ನ್ ಕಟ್ಟಿಸಿದ್ದು ಎಂಬ ಕಲ್ಲು ಅದರ ಗೋಡೆಯಲ್ಲಿದೆ. ಆ ಇಸವಿ ಸುಮ್ಮನೆ ಬಂದದ್ದಲ್ಲ. ಅದೇ ವರ್ಷ ಮರಾಠರು ಪೋರ್ಚುಗೀಸರಿಂದ ಸಾಷ್ಟಿಯನ್ನು ಗೆದ್ದರು. 1739ರಲ್ಲಿ ಚಿಮಾಜಿ ಅಪ್ಪಾನ ಸೇನೆಗೆ ವಸಾಯಿಯೂ ಬಿತ್ತು. ಖಾಡಿಯ ಆಚೆ ದಡದಲ್ಲಿ ಮರಾಠರು, ಈಚೆ ದಡದಲ್ಲಿ ನಿದ್ದೆಗೆಟ್ಟ ಇಂಗ್ಲಿಷರು.

ಇಂಗ್ಲಿಷರಿಗೆ ಈ ದ್ವೀಪಗಳು ಸಿಕ್ಕಿದ್ದು ಮದುವೆಯ ಬಳುವಳಿಯಾಗಿ ಎಂದು ಶಾಲೆಯಲ್ಲಿ ಓದಿದ್ದೇವೆ. ಪೋರ್ಚುಗಲ್ಲಿನ ರಾಜಕುಮಾರಿ ಕ್ಯಾಥರೀನ್, ಇಂಗ್ಲೆಂಡಿನ ಎರಡನೇ ಚಾರ್ಲ್ಸ್. ಒಪ್ಪಂದ 1661ರಲ್ಲಿ, ಮದುವೆ 1662ರಲ್ಲಿ. ಪಾಠ ಅಲ್ಲಿಗೇ ಮುಗಿಯುತ್ತದೆ. ಮುಂದಿನದು ನಮ್ಮ ಕಾರವಾರದವರು ಕಿವಿಗೊಟ್ಟು ಕೇಳಬೇಕಾದ ಕತೆ.

1662ರಲ್ಲಿ ಬಳುವಳಿ ವಶಪಡಿಸಿಕೊಳ್ಳಲು ಸರ್ ಅಬ್ರಹಾಂ ಶಿಪ್‌ಮನ್ ಎಂಬವನು ನಾನೂರರಷ್ಟು ಸಿಪಾಯಿಗಳ ಜೊತೆ ಹಡಗಿನಲ್ಲಿ ಬಂದ. ಇಲ್ಲಿಯ ಪೋರ್ಚುಗೀಸರು ಕೊಡಲಿಲ್ಲ. ಕಾಗದ ಸರಿಯಿಲ್ಲ ಎಂದರು. ‘ಬೊಂಬಾಯಿ’ ಅಂದರೆ ಯಾವುದು, ಒಂದೇ ದ್ವೀಪವೋ ಅಕ್ಕಪಕ್ಕದ್ದೂ ಸೇರಿಯೋ ಎಂಬ ತಕರಾರು ಬೇರೆ. ಇಳಿಯಲು ನೆಲವಿಲ್ಲದ ಆ ಸೈನ್ಯ ಕೊನೆಗೆ ಬಂದು ಬಿಡಾರ ಹೂಡಿದ್ದು ಕಾರವಾರದೆದುರಿನ ಅಂಜದೀವಿನಲ್ಲಿ! ಎರಡು ವರ್ಷ ಅಲ್ಲೇ ಕೊಳೆತರು. ಮಳೆ, ಜ್ವರ, ಹೊಟ್ಟೆನೋವು. 1664ರಲ್ಲಿ ಶಿಪ್‌ಮನ್ ತೀರಿಕೊಂಡ. 1665ರ ಫೆಬ್ರುವರಿ 18ರಂದು ಅವನ ಕಾರ್ಯದರ್ಶಿ ಹಂಫ್ರಿ ಕುಕ್ ಮುಂಬಯಿಯನ್ನು ಕೈಗೆ ತೆಗೆದುಕೊಂಡಾಗ ಉಳಿದಿದ್ದ ಸಿಪಾಯಿಗಳು ನೂರರ ಆಸುಪಾಸು.

ಸಾಯನ್ ಕೋಟೆಯ ಕಲ್ಲಿನ ಮೇಲೆ ಕೂತು ಇದನ್ನು ಹೇಳಿದಾಗ ಭಾವ ಸುಮಾರು ಹೊತ್ತು ಮಾತಾಡಲಿಲ್ಲ. ‘ನಮ್ಮೂರಿಂದ ಬೊಂಬಾಯಿಗೆ ಹೊಟ್ಟೆಪಾಡಿಗೆ ಹೋದವರ ಲೆಕ್ಕಕ್ಕೆ ಇವರನ್ನೂ ಸೇರಿಸಬೇಕಾಯ್ತಲ್ಲೋ’ ಅಂದರು ಆಮೇಲೆ. ತಮಾಷೆಯೇ, ಆದರೆ ಅದರಲ್ಲಿ ನಿಜವೂ ಇದೆ. ಉತ್ತರ ಕನ್ನಡ ಜಿಲ್ಲೆ 1862ರಿಂದ ಮುಂಬಯಿ ಆಡಳಿತಕ್ಕೆ ಸೇರಿತ್ತು. ಧಾರವಾಡ, ಬೆಳಗಾವಿ, ವಿಜಾಪುರಗಳೂ ಅಷ್ಟೆ. 1956ರವರೆಗೆ ಆ ಕಡೆಯ ಕನ್ನಡಿಗನಿಗೆ ಮುಂಬಯಿ ಪರಊರು ಅಲ್ಲ, ರಾಜಧಾನಿ.

ಕುಕ್‌ನ ಇನ್ನೊಂದು ಚಾಲಾಕಿ ಹೇಳಿಬಿಡುತ್ತೇನೆ. ಅವನಿಗೆ ಕೊಟ್ಟದ್ದು ಮುಂಬಯಿ ಒಂದೇ ದ್ವೀಪ. ಅವನು ಮಾಹಿಮನ್ನೂ ಹಿಡಿದ. ಯಾಕೆಂದರೆ ಇಳಿತದಲ್ಲಿ ಒಂದರಿಂದ ಇನ್ನೊಂದಕ್ಕೆ ನಡೆದು ಹೋಗಬಹುದು, ಹಾಗಾಗಿ ಎರಡೂ ಒಂದೇ ಎಂಬುದು ಅವನ ವಾದ. ಸಮುದ್ರದ ಇಳಿತವನ್ನೇ ಹಕ್ಕುಪತ್ರ ಮಾಡಿಕೊಂಡ ಆಸಾಮಿ! 1668ರಲ್ಲಿ ರಾಜ ಇಡೀ ಆಸ್ತಿಯನ್ನು ವರ್ಷಕ್ಕೆ 10 ಪೌಂಡ್ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪೆನಿಗೆ ಕೊಟ್ಟ.

ಸಾಯನ್‌ನಿಂದ ಮಾಟುಂಗಾ. ಇದು ಪರೇಲ್ ದ್ವೀಪದ ಉತ್ತರದ ಭಾಗ. 1896ರ ಪ್ಲೇಗಿನಲ್ಲಿ ದಕ್ಷಿಣದ ಇಕ್ಕಟ್ಟು ಚಾಳುಗಳಲ್ಲಿ ಜನ ಸತ್ತ ಮೇಲೆ 1898ರಲ್ಲಿ ನಗರ ಸುಧಾರಣಾ ಟ್ರಸ್ಟ್ ಹುಟ್ಟಿತು. ದಾದರ್, ಮಾಟುಂಗಾ, ಸಾಯನ್‌ಗಳಲ್ಲಿ ಅಗಲ ರಸ್ತೆಯ ಹೊಸ ಬಡಾವಣೆಗಳು ಎದ್ದವು. ನಮ್ಮವರು, ತಮಿಳರು ಇಲ್ಲಿ ನೆಲೆಯೂರಿದ್ದು ಹೀಗೆ. 1926ರ ಮೈಸೂರು ಅಸೋಸಿಯೇಷನ್ ಇಲ್ಲಿದೆ. ರೈಲುಹಳಿ ದಾಟಿದರೆ 1933ರ ಕರ್ನಾಟಕ ಸಂಘ. ಊಟದ ಹೊತ್ತಿಗೆ ಇತ್ತ ಬಂದರೆ 1942ರಿಂದ ನಡೆಯುತ್ತಿರುವ ರಾಮಾ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ. ನಾವು ಬೆಳಗಿನ ಇಡ್ಲಿ-ಕಾಪಿಯಲ್ಲೇ ಮುಂದೆ ಹೋದೆವು.

ಪರೇಲ್‌ಗೆ ಇಳಿಯುವಾಗ ಹಿಂದ್‌ಮಾತಾ ಎಂಬಲ್ಲಿ ನಮ್ಮ ಚಾಲಕ ತಾನಾಗಿಯೇ ಗಾಡಿ ನಿಧಾನ ಮಾಡಿದ. ‘ಸಾಬ್, ಜುಲೈಯಲ್ಲಿ ಇಲ್ಲಿ ಬಾಗಿಲವರೆಗೆ ನೀರು’ ಅಂತ ಕೈ ಮಾಡಿ ತೋರಿಸಿದ. ಪಾಲಿಕೆಯವರು ಈಚೆಗೆ ನೆಲದಡಿ ದೊಡ್ಡ ಟಾಕಿ ಕಟ್ಟಿ ನೀರು ತುಂಬಿಸಿಡುವ ಏರ್ಪಾಡು ಮಾಡಬೇಕಾಯಿತು. ಹಳೆಯ ನಕ್ಷೆ ಬಿಚ್ಚಿದರೆ ಈ ತಗ್ಗು ಒಂದು ಕಾಲದಲ್ಲಿ ದ್ವೀಪಗಳ ನಡುವೆ ಭರತದ ನೀರು ಹರಡುತ್ತಿದ್ದ ಬಯಲಿಗೆ ಸೇರಿದ್ದು. ಅವನು ಹಳೆಯ ನಕ್ಷೆ ಕಂಡವನಲ್ಲ. ಆದರೆ ಆ ದಿನ ಅವನು ‘ಇಲ್ಲಿ ನೀರು ನಿಲ್ಲುತ್ತೆ’ ಅಂದ ಜಾಗಗಳನ್ನೆಲ್ಲ ಒಂದು ಗೆರೆಯಲ್ಲಿ ಜೋಡಿಸಿದರೆ ಮುಳುಗಿದ ಖಾಡಿಗಳ ಚಿತ್ರವೇ ಮೂಡುತ್ತಿತ್ತು.

ಪರೇಲ್‌ನ ಶಿವನ ಶಿಲ್ಪವನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. 1931ರಲ್ಲಿ ರಸ್ತೆ ಮಾಡುವಾಗ ಸಿಕ್ಕ, ಒಂದರಿಂದೊಂದು ಏಳು ಮೂರ್ತಿಗಳು ಮೇಲೇಳುವ ದೊಡ್ಡ ಚಪ್ಪಡಿ. ಎಲಿಫೆಂಟಾ ಗುಹೆಗಳ ಕಾಲಕ್ಕೆ ಹತ್ತಿರದ್ದು. ಈಗ ಬಾರಾದೇವಿ ಗುಡಿಯಲ್ಲಿ ಪೂಜೆ ಪಡೆಯುತ್ತಿದೆ. ಕಾರಿನಲ್ಲಿ ಹೋಗಲಾಗದ ಎಲಿಫೆಂಟಾದ ಗುರುತೊಂದು ಭಾಯಖಳಾದ ರಾಣಿಬಾಗ್‌ನಲ್ಲೇ ಇದೆ. ಘಾರಾಪುರಿಗೆ ಪೋರ್ಚುಗೀಸರು ‘ಎಲಿಫೆಂಟಾ’ ಅಂತ ಹೆಸರಿಟ್ಟದ್ದು ಅಲ್ಲಿಯ ಕಲ್ಲಾನೆಯಿಂದ. 1864ರಲ್ಲಿ ಅದನ್ನು ಇಂಗ್ಲೆಂಡಿಗೆ ಒಯ್ಯಲು ಎತ್ತುವಾಗ ಕ್ರೇನ್ ಮುರಿಯಿತು, ಆನೆ ಚೂರಾಯಿತು. ಚೂರುಗಳನ್ನು ಇಲ್ಲಿಗೆ ತಂದು ಆಮೇಲೆ ಜೋಡಿಸಿ ನಿಲ್ಲಿಸಿದರು. ಬುಧವಾರ ಮಾತ್ರ ಹೋಗಬೇಡಿ, ಬಾಗಿಲು ಹಾಕಿರುತ್ತದೆ.

ಕಲ್ಲಾನೆಯ ಮುಂದೆ ಭಾವ ನಮಗೆ ಪುಲಕೇಶಿಯ ಪಾಠ ಮಾಡಿದರು. 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ ಹೇಳುವಂತೆ ಇಮ್ಮಡಿ ಪುಲಕೇಶಿ ಕೊಂಕಣದ ಮೌರ್ಯರನ್ನು ಸೋಲಿಸಿ, ನೂರಾರು ಹಡಗುಗಳಿಂದ ಪಶ್ಚಿಮ ಸಮುದ್ರದ ‘ಪುರಿ’ಯನ್ನು ಮುತ್ತಿದ. ಆ ಪುರಿ ಘಾರಾಪುರಿಯೇ ಎನ್ನುವ ವಿದ್ವಾಂಸರಿದ್ದಾರೆ, ಅಲ್ಲ ಬೇರೆ ಎನ್ನುವವರೂ ಇದ್ದಾರೆ. ಮುಂದೆ ಈ ಉತ್ತರ ಕೊಂಕಣ ಆಳಿದ ಶಿಲಾಹಾರರು ಮಳಖೇಡದ ರಾಷ್ಟ್ರಕೂಟರ ಸಾಮಂತರು. ‘ಹಾಗಾದರೆ ನಾವೇ ಮೊದಲು ಬಂದವರು’ ಅಂತ ಅಕ್ಕ ನಕ್ಕಳು. ಆದರೆ ಮೊದಲಿದ್ದವರು ಕೋಳಿಗಳು, ಅಂದರೆ ಮೀನುಗಾರರು. ಊರಿನ ಹೆಸರೇ ಅವರ ಮುಂಬಾದೇವಿಯದು.

ಅಲ್ಲಿಂದ ದಕ್ಷಿಣಕ್ಕೆ ಹೆಸರುಗಳನ್ನು ಓದುತ್ತ ಹೋಗಬೇಕು. ಚಿಂಚ್‌ಪೋಕಳಿಯಲ್ಲಿ ಹುಣಸೆ ಇದೆ. ಉಮರಖಾಡಿ ಅಂದರೆ ಅತ್ತಿಮರದ ಖಾಡಿ. ಅಲ್ಲಿ ಈಗ ಹನಿ ಸಮುದ್ರವಿಲ್ಲ. ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಪಾಯಧೋನಿ. ಕಾಲು ತೊಳೆಯುವ ಜಾಗ ಎಂದರ್ಥ. ಖಾಡಿಯ ಕೆಸರು ದಾಟಿ ಮುಂಬಯಿ ದ್ವೀಪಕ್ಕೆ ಬಂದವರು ಅಲ್ಲಿ ಕಾಲು ತೊಳೆದು ಊರೊಳಗೆ ಬರುತ್ತಿದ್ದರಂತೆ. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಒಂದು ತಂಬಿಗೆ ನೀರು ಕೊಡುವುದಿಲ್ಲವೇ, ಹಾಗೆ ಈ ಊರೂ ಬಂದವರಿಗೆ ಕಾಲು ತೊಳೆಯಲು ಒಂದು ಜಾಗ ಇಟ್ಟಿತ್ತು. ಈಗ ಅಲ್ಲಿ ಕೈಗಾಡಿಗಳ ನಡುವೆ ಕಾಲಿಡಲೂ ಜಾಗವಿಲ್ಲ.

ಕೊಲಾಬಾದಲ್ಲಿ ಹೆಚ್ಚು ನಿಲ್ಲಲಿಲ್ಲ. 1838ರಲ್ಲಿ ಕಾಸ್‌ವೇ ಕಟ್ಟಿ ಅದನ್ನು ಸೇರಿಸಿದರು ಎಂಬಷ್ಟು ಸಾಕು. ನಿಲ್ಲಬೇಕಾದದ್ದು ಮಹಾಲಕ್ಷ್ಮಿಯಿಂದ ಹಾಜಿ ಅಲಿಯ ರಸ್ತೆಯಲ್ಲಿ. ಮುಂಬಯಿ ಮತ್ತು ವರ್ಲಿ ದ್ವೀಪಗಳ ನಡುವೆ ಇಲ್ಲಿ ದೊಡ್ಡ ಕಂಡಿಯಿತ್ತು. ಭರತದಲ್ಲಿ ಸಮುದ್ರ ಒಳನುಗ್ಗಿ ನಡುವಿನ ತಗ್ಗನ್ನೆಲ್ಲ ಮುಳುಗಿಸುತ್ತಿತ್ತು. ಗವರ್ನರ್ ವಿಲಿಯಂ ಹಾರ್ನ್‌ಬಿಯ ಕಾಲದಲ್ಲಿ, 1784ರ ಸುಮಾರಿಗೆ, ಅದಕ್ಕೆ ಒಡ್ಡು ಬಿತ್ತು. ಹಾರ್ನ್‌ಬಿ ವೆಲಾರ್ಡ್ ಎಂದು ಅದರ ಹೆಸರು. ಕಟ್ಟಿದ್ದು ಕುಸಿಯುತ್ತಿದ್ದಾಗ ದೇವಿ ಕನಸಿನಲ್ಲಿ ಬಂದು, ನೀರಡಿಯ ತನ್ನ ಮೂರ್ತಿಯನ್ನು ಎತ್ತಿ ಗುಡಿ ಕಟ್ಟಲು ಹೇಳಿದಳು, ಆಮೇಲೆ ಒಡ್ಡು ನಿಂತಿತು ಎಂಬುದು ಮಹಾಲಕ್ಷ್ಮಿಯ ಸ್ಥಳಕತೆ. ಒಡ್ಡಿನ ಹಿಂದೆ ಒಣಗಿದ ಬಯಲಿನಲ್ಲಿ ಬಡವರ ಬಿಡಾರಗಳೆದ್ದವು. ತೆಲಂಗಾಣದ ಕಡೆಯಿಂದ ಬಂದ ಕಾಮಾಟಿ ಕೂಲಿಗಳ ಹೆಸರು ಕಾಮಾಟಿಪುರದಲ್ಲಿ ಉಳಿದಿದೆ. ಒಡ್ಡಿನಾಚೆ ಸಮುದ್ರವನ್ನು ಮತ್ತೆ ತುಂಬಿ ಮಾಡಿದ ಕೋಸ್ಟಲ್ ರೋಡ್ 2024ರಲ್ಲಿ ತೆರೆಯಿತು. ತುಂಬುವ ಕೆಲಸ ನಿಂತಿಲ್ಲ.

ವರ್ಲಿ ಕೋಟೆಗೆ ಕೋಳಿವಾಡದ ಓಣಿಗಳಲ್ಲಿ ನಡೆದೇ ಹೋಗಬೇಕು. ಒಣಮೀನಿನ ವಾಸನೆಗೆ ನಮ್ಮ ಅಕ್ಕನ ಮುಖ ಅರಳಿತು. ಕಡೆಯದು ಮಾಹಿಮ್. ಅಲ್ಲಿಂದ ಬಾಂದ್ರಾಕ್ಕೆ ಹೋಗುವ ಕಾಸ್‌ವೇಗೆ ಸರ್ಕಾರ ಹಣ ಕೊಡದಿದ್ದಾಗ ಲೇಡಿ ಅವಾಬಾಯಿ ಜಮ್ಶೆಟ್ಜಿ ಜೀಜೀಭಾಯ್ 1,57,000 ರೂಪಾಯಿ ಕೊಟ್ಟರು. ದಾಟುವವರಿಂದ ಸುಂಕ ತೆಗೆದುಕೊಳ್ಳಬಾರದು ಎಂಬುದು ಅವರ ಷರತ್ತು. 1845ರಲ್ಲಿ ಅದು ತೆರೆಯಿತು. ಪಕ್ಕದಲ್ಲೇ 2009ರ ಸೀಲಿಂಕ್ ಕಾಣುತ್ತದೆ, ಅದಕ್ಕೆ ಸುಂಕವುಂಟು. ಭಾವ ಅವಾಬಾಯಿಯ ರಸ್ತೆಯಲ್ಲೇ ಹೋಗೋಣ ಅಂದರು.

ಆ ರಸ್ತೆಯ ಟ್ರಾಫಿಕ್ಕಿನಲ್ಲಿ ನಿಂತಾಗ ಚಾಲಕ ತನ್ನ ಕತೆ ಹೇಳಿದ. ಇಪ್ಪತ್ತು ವರ್ಷ ಓಡಿಸಿದ್ದು ಪ್ರೀಮಿಯರ್ ಪದ್ಮಿನಿ. ಕುರ್ಲಾದ ಕಾರ್ಖಾನೆಯಲ್ಲೇ ಆಗುತ್ತಿದ್ದ ಆ ಕಪ್ಪು-ಹಳದಿ ಗಾಡಿಗಳ ಕಡೆಯ ದಿನ 2023ರ ಅಕ್ಟೋಬರ್ 29. 2005ರ ಜುಲೈ 26ರಂದು, ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿದ ದಿನ, ಗಾಡಿಯ ಛಾವಣಿ ಮೇಲೆ ಕೂತು ರಾತ್ರಿ ಕಳೆದನಂತೆ. ‘ಮಳೆಗಿಂತ 2008 ಕಷ್ಟವಾಗಿತ್ತು’ ಅಂದ. ಉತ್ತರದಿಂದ ಬಂದ ಟ್ಯಾಕ್ಸಿಯವರನ್ನು ಹುಡುಕಿ ಹೊಡೆದ ವರ್ಷ ಅದು. ನಾಲ್ಕು ದಿನ ಗಾಡಿ ಹೊರಗೆ ತೆಗೆಯಲಿಲ್ಲವಂತೆ.

ನಮಗದು ಹೊಸತಲ್ಲ. 1960ರ ದಶಕದ ಕೊನೆಯಲ್ಲಿ ಇದೇ ಊರಿನಲ್ಲಿ ‘ಲುಂಗಿವಾಲಾ’ಗಳ ವಿರುದ್ಧ ಕೂಗೆದ್ದಿತ್ತು, ಉಡುಪಿ ಹೋಟೆಲುಗಳ ಗಾಜು ಒಡೆದಿತ್ತು. ಹಿರಿಯರು ಶಟರ್ ಅರ್ಧ ಇಳಿಸಿ ಒಳಗೆ ದೋಸೆ ಹುಯ್ದ ಕತೆ ನಾವು ಕೇಳಿಯೇ ಬೆಳೆದದ್ದು. ಆದರೆ 2008ರಲ್ಲಿ ನಮ್ಮಲ್ಲೇ ಕೆಲವರು ‘ಆ ಭಯ್ಯಾಗಳು ಜಾಸ್ತಿಯಾದರು ಬಿಡಿ’ ಅಂದದ್ದನ್ನೂ ನಾನು ಇದೇ ಕಿವಿಯಲ್ಲಿ ಕೇಳಿದ್ದೇನೆ. ಕಾಲು ತೊಳೆದು ಒಳಗೆ ಬಂದವರಿಗೆ ಹಿಂದೆ ಬರುವವರ ಕಾಲಿನ ಕೆಸರು ಮಾತ್ರ ಕಾಣುತ್ತದೆ.

ಏಳು ದ್ವೀಪಗಳ ಚರಿತ್ರೆ ಓದಿದರೆ ಈ ‘ನಮ್ಮದು, ನಿಮ್ಮದು’ ಎಷ್ಟು ತೆಳುವಾದ ಮಾತು ಅನಿಸುತ್ತದೆ. ಇಲ್ಲಿ ನೆಲವೇ ಹೊರಗಿನಿಂದ ಬಂದದ್ದು. ಗುಡ್ಡ ಒಡೆದ ಮಣ್ಣು, ಊರಿನ ಕಸ, ಕೂಲಿಗಳ ಬೆವರು ಸುರಿದು ತುಂಬಿದ್ದು. ಕೋಳಿ ಜನರನ್ನು ಬಿಟ್ಟರೆ ಹಳಬರು ಯಾರು, ಹೊಸಬರು ಯಾರು ಎಂಬ ಲೆಕ್ಕ ಇಲ್ಲಿ ಭರತ-ಇಳಿತಕ್ಕೆ ತಕ್ಕಂತೆ ಬದಲಾಗುತ್ತದೆ. ನೀವು ಮುಂಬಯಿಗೆ ಬಂದರೆ ಒಂದು ದಿನ ಹೀಗೆ ಗಾಡಿ ಮಾಡಿ. ಬಾಡಿಗೆ ಮೊದಲೇ ಮಾತಾಡಿ, ಮಧ್ಯಾಹ್ನ ಚಾಲಕನನ್ನೂ ಊಟಕ್ಕೆ ಕರೆಯಿರಿ. ನೀರು ಎಲ್ಲೆಲ್ಲಿ ನಿಲ್ಲುತ್ತದೆ ಅಂತ ಅವನನ್ನು ಕೇಳಿ. ಸಮುದ್ರ ಯಾವುದನ್ನೂ ಮರೆತಿಲ್ಲ ಎಂಬುದು ನಿಮಗೇ ಗೊತ್ತಾಗುತ್ತದೆ.