ಶುಶ್ರೂಷೆಯಲ್ಲಿ ಚಿಕಿತ್ಸಾ ವಿವೇಚನೆ

ರೋಗಿಯ ಸ್ಥಿತಿಯಲ್ಲಾಗುವ ಬದಲಾವಣೆಯನ್ನು ಗಮನಿಸಿ, ಅದು ಎತ್ತ ಸಾಗುತ್ತಿದೆಯೆಂದು ತೂಗಿ, ಈಗಲೇ ಮಾಡಬೇಕಾದುದೇನು, ಯಾರನ್ನು ಕರೆಯಬೇಕು ಎಂದು ನರ್ಸ್ ನಿರ್ಧರಿಸುವ ಬಗೆಗೆ ಚಿಕಿತ್ಸಾ ವಿವೇಚನೆ ಎನ್ನುತ್ತಾರೆ. ವೈದ್ಯರು ರೌಂಡ್ಸ್ ಮುಗಿಸಿ ಹೊರಡುತ್ತಾರೆ. ಹಗಲೂ ರಾತ್ರಿ ವಾರ್ಡಿನಲ್ಲಿರುವವರು ನರ್ಸ್‌ಗಳು. ರೋಗಿ ಹದಗೆಡುವ ಸುಳಿವು ಮೊದಲು ಸಿಗುವುದೂ ಅವರಿಗೇ. ಹೊಸಬರು ಪರಿಣತರಾಗುವ ಐದು ಹಂತಗಳನ್ನು ಅಮೆರಿಕದ ಪೆಟ್ರೀಷಿಯಾ ಬೆನ್ನರ್ 1984ರಲ್ಲಿ ವಿವರಿಸಿದರು. ಕ್ರಿಸ್ಟೀನ್ ಟ್ಯಾನರ್ 2006ರಲ್ಲಿ ವಿವೇಚನೆಯನ್ನು ಗಮನಿಸುವುದು, ಅರ್ಥೈಸುವುದು, ಸ್ಪಂದಿಸುವುದು, ಮರಳಿ ಯೋಚಿಸುವುದು ಎಂದು ನಾಲ್ಕಾಗಿ ಬಿಡಿಸಿದರು. ಪಠ್ಯದಲ್ಲಿ ಇವು ಸಾಲಾಗಿ ಬರುತ್ತವೆ. ವಾರ್ಡಿನಲ್ಲಿ ಹಾಗೆ ಸಾಲು ಹಿಡಿದು ನಡೆಯುವುದು ಕಡಿಮೆ.

ವಾರ್ಡಿನಲ್ಲಿ ಅದು ನಡೆಯುವ ಬಗೆಗೆ ವಿಜಯಪುರವನ್ನು ಉದಾಹರಣೆಯಾಗಿ ನೋಡಬಹುದು. ಈ ನಗರದಲ್ಲಿ ಸರ್ಕಾರಿ ಜಿಲ್ಲಾ ಆಸ್ಪತ್ರೆಯಿದೆ, ಅಲ್-ಅಮೀನ್ ವೈದ್ಯಕೀಯ ಕಾಲೇಜಿದೆ (1984), ಫ. ಗು. ಹಳಕಟ್ಟಿಯವರು 1910ರಲ್ಲಿ ಕಟ್ಟಿದ ಬಿ.ಎಲ್.ಡಿ.ಇ. ಸಂಸ್ಥೆಯ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜಿದೆ (1986). ತಿಕೋಟಾ, ಬಬಲೇಶ್ವರ ಭಾಗದ ದ್ರಾಕ್ಷಿ ತೋಟ, ಕಬ್ಬಿನ ಹೊಲಗಳಲ್ಲಿ ದುಡಿಯುವವರಿಗೆ ದೊಡ್ಡ ಆಸ್ಪತ್ರೆಯೆಂದರೆ ಈ ನಗರವೇ. ಒಕ್ಕಲುತನದ ಸೀಮೆಗೆ ಅಂಟಿಕೊಂಡೇ ಬರುವ ಎರಡು ತುರ್ತುಗಳು, ಹಾವಿನ ಕಡಿತ ಮತ್ತು ಕ್ರಿಮಿನಾಶಕದ ವಿಷ. ನರ್ಸ್‌ನ ವಿವೇಚನೆ ಎಷ್ಟು ಮುಖ್ಯವೆಂಬುದು ಇವೆರಡರಲ್ಲಿ ಎದ್ದು ಕಾಣುತ್ತದೆ.

ಕಟ್ಟುಹಾವು ಕಡಿದಾಗ ಬಾವು, ನೋವು ಇಲ್ಲವೆನ್ನುವಷ್ಟು ಕಡಿಮೆ. ನಸುಕಿನಲ್ಲಿ ಕರೆತಂದ ಮನೆಯವರು "ಏನೂ ಆಗಿಲ್ರಿ ಸಿಸ್ಟರ್, ನಿದ್ದಿಗಣ್ಣಾಗ ಅದಾನ" ಎಂದರೆ ನಂಬುವುದು ಸುಲಭ. ಪಳಗಿದ ನರ್ಸ್ ಅಷ್ಟಕ್ಕೆ ಬಿಡುವುದಿಲ್ಲ. ಮೇಲೆ ನೋಡಲು ಹೇಳಿ ರೆಪ್ಪೆ ಏಳುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ಏಳದಿದ್ದರೆ ನರವಿಷ ಏರುತ್ತಿದೆ ಎಂದೇ ಲೆಕ್ಕ. ಆಮೇಲೆ ಒಂದೇ ಉಸಿರಿಗೆ ಅಂಕಿ ಎಣಿಸಲು ಹೇಳುತ್ತಾರೆ. ಬಂದಾಗ ಇಪ್ಪತ್ತೈದರವರೆಗೆ ಎಣಿಸಿದವನು ಅರ್ಧ ಗಂಟೆಯಲ್ಲಿ ಹನ್ನೆರಡಕ್ಕೆ ನಿಂತರೆ, ಆಮ್ಲಜನಕದ ಮಾಪನ ಇನ್ನೂ ಚೆನ್ನಾಗಿ ತೋರಿಸುತ್ತಿದ್ದರೂ, ವೆಂಟಿಲೇಟರ್ ಸಿದ್ಧವಾಗಬೇಕು. ಮಂಡಲದ ಹಾವುಗಳ ವಿಷ ರಕ್ತವನ್ನು ಹೆಪ್ಪುಗಟ್ಟಗೊಡುವುದಿಲ್ಲ. ಅದರ ಪರೀಕ್ಷೆಗೆ ಯಂತ್ರ ಬೇಕಿಲ್ಲ: ಒಣಗಿದ ಶುಭ್ರ ಗಾಜಿನ ನಳಿಕೆಯಲ್ಲಿ 2 ಮಿ.ಲೀ. ರಕ್ತ ಹಾಕಿ, 20 ನಿಮಿಷ ಅಲುಗಿಸದೆ ಇಟ್ಟು, ಒಮ್ಮೆ ಓರೆ ಮಾಡಿದರೆ ಸಾಕು. ಹರಿದರೆ ವಿಷ ಏರಿದೆ. ನಳಿಕೆ ಪ್ಲಾಸ್ಟಿಕ್ಕಿನದಾದರೆ, ಸೋಪಿನ ಅಂಶ ಉಳಿದಿದ್ದರೆ ಫಲಿತಾಂಶ ದಾರಿ ತಪ್ಪಿಸುತ್ತದೆ. ವಿಷಹಾರಿ ಔಷಧವೇ ಕೆಲವರಲ್ಲಿ ತೀವ್ರ ಅಲರ್ಜಿ ಉಂಟುಮಾಡುವುದರಿಂದ, ಅದನ್ನು ಹಚ್ಚುವ ಮೊದಲೇ ಅಡ್ರಿನಲಿನ್ ಸಿರಿಂಜಿನಲ್ಲಿ ಎಳೆದಿಟ್ಟಿರಬೇಕು. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತದ ಪ್ರಕರಣಗಳ ವರದಿಯನ್ನು ಕಡ್ಡಾಯಗೊಳಿಸಿತು.

ಆರ್ಗನೋಫಾಸ್ಫರಸ್ ಕ್ರಿಮಿನಾಶಕದ ವಿಷದಲ್ಲಿ ಕಷ್ಟ ಬೇರೆ ಬಗೆಯದು. ಎದೆಯೊಳಗಿನ ಗೊರಗೊರ ಸದ್ದು ಇಳಿದು, ಕಂಕುಳು ಒಣಗಿ, ನಾಡಿ ಏರುವವರೆಗೆ ಅಟ್ರೋಪಿನ್ ಕೊಡುತ್ತಾರೆ. ಹೆಚ್ಚಾದರೆ ಜ್ವರ, ಬಡಬಡಿಕೆ, ಹಾಸಿಗೆಯಿಂದೇಳುವ ಹಟ ಶುರುವಾಗುತ್ತದೆ. ಇದನ್ನು ಬರಿಯ ರಂಪವೆಂದು ಕೈಕಾಲು ಕಟ್ಟಿಹಾಕಿದರೆ ಕಾರಣವೇ ಮರೆಯಾಗುತ್ತದೆ. ಎರಡನೆಯ, ಮೂರನೆಯ ದಿನ ರೋಗಿ ಮಾತಾಡುತ್ತಾನೆ, ಗಂಜಿ ಕೇಳುತ್ತಾನೆ, ಮನೆಯವರು "ಆರಾಮಾಗ್ಯಾನ್ರಿ" ಎಂದು ನಿಟ್ಟುಸಿರು ಬಿಡುತ್ತಾರೆ. ಉಸಿರಿನ ಸ್ನಾಯುಗಳು ಸೋಲುವ ಅಪಾಯವಿರುವುದು ಆಗಲೇ, ಸಾಮಾನ್ಯವಾಗಿ 24ರಿಂದ 96 ಗಂಟೆಗಳ ನಡುವೆ. ಮುನ್ಸೂಚನೆ ಚಿಕ್ಕದು: ದಿಂಬಿನಿಂದ ತಲೆ ಎತ್ತಲಾಗುವುದಿಲ್ಲ. ಪ್ರತಿ ಪಾಳಿಯಲ್ಲೂ ತಲೆ ಎತ್ತಿಸಿ ನೋಡಿದವರಿಗಷ್ಟೇ ಇದು ಕಾಣುತ್ತದೆ.

ವಿವೇಚನೆ ಬೇಕಾಗುವುದು ತುರ್ತುಗಳಲ್ಲಷ್ಟೇ ಅಲ್ಲ, ಔಷಧ ಕೊಡುವಾಗಲೂ. ಔಷಧದ ತಪ್ಪುಗಳಲ್ಲಿ ಇನ್ಸುಲಿನ್‌ನದು ಭಾರತದಲ್ಲಿ ಎದುರಾಗುವ ಒಂದು ತೊಡಕು. ಇಲ್ಲಿ ಮಿ.ಲೀ.ಗೆ 40 ಯೂನಿಟ್‌ನದೂ 100 ಯೂನಿಟ್‌ನದೂ ಒಟ್ಟಿಗೆ ಬಳಕೆಯಲ್ಲಿವೆ. ಕೆಂಪು ಮುಚ್ಚಳದ 40ರ ಸಿರಿಂಜಿನಲ್ಲಿ 100ರ ಇನ್ಸುಲಿನ್‌ಅನ್ನು 20ರ ಗೆರೆಗೆ ಎಳೆದರೆ ಮೈಗೆ ಹೋಗುವುದು 50 ಯೂನಿಟ್. ಬಾಟಲಿಯನ್ನೂ ಸಿರಿಂಜನ್ನೂ ಇನ್ನೊಬ್ಬ ನರ್ಸ್ ಓದಿ ನೋಡುವ ಪದ್ಧತಿ ಇಂಥದ್ದಕ್ಕಾಗಿಯೇ ಇದೆ.

ಕಂಡದ್ದನ್ನು ಹೇಳುವುದಕ್ಕೂ ಒಂದು ಕ್ರಮವಿದೆ: ಈಗೇನಾಗಿದೆ, ಹಿನ್ನೆಲೆಯೇನು, ತನ್ನ ಅಂದಾಜೇನು, ಏನು ಬೇಕು. ನಡುರಾತ್ರಿ ಫೋನಿನಲ್ಲಿ "ಪೇಷಂಟ್ ಯಾಕೋ ಸರಿ ಕಾಣವಲ್ರಿ ಸರ್" ಎನ್ನುವುದಕ್ಕಿಂತ, ಹಿಂದಿನ ಮತ್ತು ಈಗಿನ ಅಂಕಿ ಹೇಳಿ "ಬಂದು ನೋಡ್ರಿ" ಎಂದರೆ ಕೆಲಸವಾಗುತ್ತದೆ. ಕಿರಿಯ ನರ್ಸ್ ಹಿರಿಯ ವೈದ್ಯರಿಗೆ ಹಾಗೆನ್ನಲು ಹಿಂಜರಿಯುವುದು ನಮ್ಮ ಆಸ್ಪತ್ರೆಗಳ ಹಳೆಯ ರೋಗ.

ಎಲ್ಲಕ್ಕಿಂತ ದೊಡ್ಡ ಅಡ್ಡಿ ಕೈಗಳ ಕೊರತೆ. ಜನರಲ್ ವಾರ್ಡಿನಲ್ಲಿ, ಬೋಧನಾ ಆಸ್ಪತ್ರೆಯಾದರೆ 3, ಉಳಿದೆಡೆ 5 ರೋಗಿಗಳಿಗೆ ಒಬ್ಬ ನರ್ಸ್ ಇರಬೇಕೆಂಬುದು ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡ. ಲಿಂಡಾ ಐಕೆನ್ ಮತ್ತು ಸಂಗಡಿಗರು 2002ರಲ್ಲಿ ಪೆನ್ಸಿಲ್ವೇನಿಯಾದ ಆಸ್ಪತ್ರೆಗಳ ಅಧ್ಯಯನದಲ್ಲಿ, ನರ್ಸ್ ಒಬ್ಬರ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ ಶಸ್ತ್ರಚಿಕಿತ್ಸೆಯ ರೋಗಿಗಳು 30 ದಿನಗಳೊಳಗೆ ಸಾಯುವ ಸಂಭವ ಶೇ 7ರಷ್ಟು ಏರುತ್ತದೆಂದು ಕಂಡರು. ಉಸಿರಾಟವನ್ನು ಪೂರ್ತಿ ಒಂದು ನಿಮಿಷ ಎಣಿಸಲು ಬಿಡುವಿಲ್ಲದ ಪಾಳಿಯಲ್ಲಿ ಅಂದಾಜಿನ 20 ಎಂಬ ಅಂಕಿಯೇ ಹಾಸಿಗೆಯಿಂದ ಹಾಸಿಗೆಗೆ ಚಾರ್ಟ್ ಏರುತ್ತದೆ.