ಕ್ಯಾನ್ಸರ್ ಚಿಕಿತ್ಸೆಗೆ ಮೊನೊಕ್ಲೋನಲ್ ಪ್ರತಿಕಾಯ: ನಿಮೊಟುಜುಮ್ಯಾಬ್ ಮತ್ತು ರೋಗಿಗಳ ಹಕ್ಕುಗಳು

ಪರಿಚಯ

ದೇಹವನ್ನು ಹೊಕ್ಕ ರೋಗಾಣುಗಳನ್ನು ಗುರುತಿಸಿ ಅವುಗಳಿಗೆ ಅಂಟಿಕೊಳ್ಳುವ ಪ್ರೋಟೀನಿಗೆ ಪ್ರತಿಕಾಯ ಎಂದು ಹೆಸರು. ಒಂದೇ ಜೀವಕೋಶದ ಸಂತತಿಯಿಂದ ದೊರೆಯುವ, ಒಂದೇ ಗುರಿಗೆ ಅಂಟುವ ಏಕರೂಪದ ಪ್ರತಿಕಾಯವೇ ಮೊನೊಕ್ಲೋನಲ್ ಪ್ರತಿಕಾಯ. ಇದನ್ನು ತಯಾರಿಸುವ ವಿಧಾನವನ್ನು ಕೋಹ್ಲರ್ ಮತ್ತು ಮಿಲ್‌ಸ್ಟೈನ್ ಎಂಬ ವಿಜ್ಞಾನಿಗಳು 1975ರಲ್ಲಿ ಪ್ರಕಟಿಸಿದರು.

ಕರ್ನಾಟಕದಲ್ಲಿ ತಯಾರಿಕೆ

ಬಾಯಿ, ಗಂಟಲು ಸೇರಿದಂತೆ ತಲೆ ಮತ್ತು ಕತ್ತಿನ ಕ್ಯಾನ್ಸರ್ ಗಡ್ಡೆಗಳಲ್ಲಿ ಇಜಿಎಫ್‌ಆರ್ ಎಂಬ ಗ್ರಾಹಕವು ಸಾಮಾನ್ಯವಾಗಿ ಅಧಿಕವಾಗಿರುತ್ತದೆ. ಕೋಶಗಳಿಗೆ ಬೆಳೆಯುವ ಸಂಕೇತ ತಲುಪುವುದು ಇದರ ಮೂಲಕ. ಈ ಸಂಕೇತವನ್ನು ತಡೆಯುವ ನಿಮೊಟುಜುಮ್ಯಾಬ್ ಪ್ರತಿಕಾಯವನ್ನು ಕ್ಯೂಬಾ ದೇಶದ ಹವಾನಾದಲ್ಲಿರುವ ಅಣು ಪ್ರತಿರಕ್ಷಾ ವಿಜ್ಞಾನ ಕೇಂದ್ರವು ರೂಪಿಸಿತು. ಬೆಂಗಳೂರಿನ ಬಯೋಕಾನ್ ಸಂಸ್ಥೆಯು ಸದರಿ ಕೇಂದ್ರದ ಸಹಯೋಗದೊಂದಿಗೆ 2006ರಲ್ಲಿ ಇದನ್ನು ಬಯೋಮ್ಯಾಬ್ ಇಜಿಎಫ್‌ಆರ್ ಎಂಬ ಹೆಸರಿನಲ್ಲಿ ಭಾರತದಲ್ಲಿ ಬಿಡುಗಡೆ ಮಾಡಿತು.

ಪರೀಕ್ಷೆಗಳ ಫಲಿತಾಂಶ

ಭಾರತದಲ್ಲಿ ನಡೆದ ಮೊದಲ ಪರೀಕ್ಷೆಯಲ್ಲಿ 92 ರೋಗಿಗಳನ್ನು ನಾಲ್ಕು ಗುಂಪುಗಳಾಗಿ ವಿಂಗಡಿಸಲಾಗಿತ್ತು. ವಿಕಿರಣ ಮತ್ತು ಕೀಮೊಥೆರಪಿಯೊಂದಿಗೆ ಪ್ರತಿಕಾಯವನ್ನೂ ಪಡೆದವರಲ್ಲಿ ಐದು ವರ್ಷಗಳ ನಂತರ ಬದುಕುಳಿದವರ ಪ್ರಮಾಣ ಶೇಕಡ 57. ಪ್ರತಿಕಾಯ ಪಡೆಯದವರಲ್ಲಿ ಶೇಕಡ 26. ಆದರೆ ಗುಂಪುಗಳು ಬಹಳ ಚಿಕ್ಕವು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ 536 ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಎರಡು ವರ್ಷ ರೋಗ ಉಲ್ಬಣಿಸದೆ ಇದ್ದವರ ಪ್ರಮಾಣವು ಶೇಕಡ 50.1ರಿಂದ 61.8ಕ್ಕೆ ಏರಿತು. ಒಟ್ಟು ಆಯುಷ್ಯದಲ್ಲಿನ ಹೆಚ್ಚಳ ಮಾತ್ರ ಅಂಕಿಅಂಶಗಳ ಪ್ರಕಾರ ಖಚಿತವಾಗಲಿಲ್ಲ. ಔಷಧವು ಮಾರುಕಟ್ಟೆಗೆ ಬಂದ ನಂತರವೂ ಪರೀಕ್ಷೆ ಅಗತ್ಯವೆಂಬುದು ಇದರಿಂದ ತಿಳಿಯುತ್ತದೆ.

ಪರೀಕ್ಷೆಗೆ ಒಳಪಡುವವರ ಹಕ್ಕುಗಳು

ಹೊಸ ಔಷಧಗಳು ಮತ್ತು ಕ್ಲಿನಿಕಲ್ ಪರೀಕ್ಷೆಗಳ ನಿಯಮಗಳು, 2019ರ ಮೇರೆಗೆ:

1. ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ವಿವರ ನೀಡಿ ಲಿಖಿತ ಸಮ್ಮತಿ ಪಡೆಯತಕ್ಕದ್ದು.
2. ರೋಗಿಯು ಯಾವುದೇ ಹಂತದಲ್ಲಿ ಪರೀಕ್ಷೆಯಿಂದ ಹಿಂದೆ ಸರಿಯಬಹುದು.
3. ಪರೀಕ್ಷೆಯ ಅವಧಿಯಲ್ಲಿ ಹಾನಿಯಾದಲ್ಲಿ ಉಚಿತ ಚಿಕಿತ್ಸೆ ನೀಡತಕ್ಕದ್ದು. ಹಾನಿಗೆ ಪರೀಕ್ಷೆಯೇ ಕಾರಣವಾಗಿದ್ದಲ್ಲಿ ಪರಿಹಾರವನ್ನೂ ನೀಡತಕ್ಕದ್ದು.
4. ನೈತಿಕ ಸಮಿತಿಯ ಅನುಮೋದನೆ ಮತ್ತು ಭಾರತೀಯ ಕ್ಲಿನಿಕಲ್ ಪರೀಕ್ಷಾ ನೋಂದಣಿಯಲ್ಲಿ ದಾಖಲಾತಿ ಕಡ್ಡಾಯ. ದಾಖಲಾದ ವಿವರಗಳನ್ನು ಸಾರ್ವಜನಿಕರು ಉಚಿತವಾಗಿ ವೀಕ್ಷಿಸಬಹುದು.

ಉಡುಪಿ ಜಿಲ್ಲೆಯ ನಾಗರಿಕರ ಗಮನಕ್ಕೆ

ಬಾಯಿಯ ಹುಣ್ಣು ಮೂರು ವಾರವಾದರೂ ಮಾಯದಿದ್ದಲ್ಲಿ ಉಡುಪಿ, ಕಾಪು, ಕಾರ್ಕಳ ಭಾಗದವರು ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿಕೊಳ್ಳತಕ್ಕದ್ದು. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಕ್ಯಾನ್ಸರ್ ಚಿಕಿತ್ಸಾ ಸೌಲಭ್ಯವಿದೆ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಸೌಲಭ್ಯ ಬಯಸುವವರು ಪಡಿತರ ಚೀಟಿ, ಆಧಾರ್ ಕಾರ್ಡ್ ಹಾಗೂ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಹೊಂದಿರತಕ್ಕದ್ದು. ವೈದ್ಯರು ಸೂಚಿಸಿದ ಔಷಧವು ಯೋಜನೆಯ ವ್ಯಾಪ್ತಿಗೆ ಒಳಪಡುವುದೇ ಎಂಬುದನ್ನು ಚಿಕಿತ್ಸೆಗೆ ಮುನ್ನವೇ ಆಸ್ಪತ್ರೆಯ ಆರೋಗ್ಯ ಮಿತ್ರರಲ್ಲಿ ವಿಚಾರಿಸಿ ಖಚಿತಪಡಿಸಿಕೊಳ್ಳಲು ಕೋರಲಾಗಿದೆ.