ಸಾಂಕ್ರಾಮಿಕ ರೋಗಗಳ ಗಣಿತ ಮಾದರಿ

ಸಾಂಕ್ರಾಮಿಕ ರೋಗವೊಂದು ಜನರ ನಡುವೆ ಹೇಗೆ ಹಬ್ಬುತ್ತದೆ, ಎಲ್ಲಿಯವರೆಗೆ ಏರುತ್ತದೆ, ಯಾಕೆ ಇಳಿಯುತ್ತದೆ ಎಂಬುದನ್ನು ಸಮೀಕರಣ ಮತ್ತು ಸಂಖ್ಯಾಶಾಸ್ತ್ರದ ನೆರವಿನಿಂದ ಅರಿಯುವ ಶಾಸ್ತ್ರಭಾಗ. ರೋಗಾಣು, ಸೊಳ್ಳೆ, ಬಾವಿಯ ನೀರು, ಜನರ ಓಡಾಟ ಎಲ್ಲ ಹೆಣೆದುಕೊಂಡ ಗೋಜಲನ್ನು ನಾಲ್ಕಾರು ಅಕ್ಷರಗಳಿಗೆ ಇಳಿಸುವುದು ಇದರ ಸಾಹಸ. ಇದರ ಬುನಾದಿಯ ಹಲವು ಕಲ್ಲುಗಳು ಹೋದದ್ದು ಭಾರತದ ಊರುಗಳಿಂದ.

ಅಲ್ಮೋರಾದಲ್ಲಿ ಹುಟ್ಟಿದ ರೊನಾಲ್ಡ್ ರಾಸ್ 1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ಹಂಗಾಮಿ ವೈದ್ಯರಾಗಿದ್ದಾಗಲೇ, ನಿಂತ ನೀರನ್ನು ಇಲ್ಲವಾಗಿಸಿದರೆ ಸೊಳ್ಳೆಯ ಕಾಟ ತಗ್ಗುತ್ತದೆಂದು ಗಮನಿಸಿದ್ದರು. 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ಪರಾವಲಂಬಿಯನ್ನು ಕಂಡರು. 1902ರಲ್ಲಿ ನೊಬೆಲ್ ಬಂತು. ಸೊಳ್ಳೆಗಳನ್ನೆಲ್ಲ ಕೊಲ್ಲಲು ಯಾರಿಂದ ಸಾಧ್ಯ ಎಂಬ ಆಕ್ಷೇಪಕ್ಕೆ ಅವರು ಉತ್ತರ ಕೊಟ್ಟದ್ದು ಗಣಿತದಲ್ಲಿ. ಎಲ್ಲವನ್ನೂ ಕೊಲ್ಲಬೇಕಿಲ್ಲ, ಸೊಳ್ಳೆಗಳ ಸಂಖ್ಯೆ ಒಂದು ಮಿತಿಗಿಂತ ಕೆಳಗಿಳಿದರೆ ಸಾಕು, ಮಲೇರಿಯಾ ತಾನಾಗಿ ಕರಗುತ್ತದೆ.

ರಾಸ್ ಅವರ ಜೊತೆ ಸಿಯೆರಾ ಲಿಯೋನ್‌ಗೆ ಹೋಗಿದ್ದ ಯುವ ವೈದ್ಯ ಆಂಡರ್ಸನ್ ಮೆಕೆಂಡ್ರಿಕ್ ಮುಂದೆ ಕಸೌಲಿಯ ಪಾಸ್ಚರ್ ಸಂಸ್ಥೆಯಲ್ಲಿದ್ದರು. 1926ರ ಅವರ ಪ್ರಬಂಧದಲ್ಲಿ ಭಾರತದ ಒಂದು ಹಳ್ಳಿಯ ಕಾಲರಾ ಲೆಕ್ಕವಿದೆ. ಒಟ್ಟು 223 ಮನೆ. 168ರಲ್ಲಿ ಯಾರಿಗೂ ರೋಗವಿಲ್ಲ. 32ರಲ್ಲಿ ಒಬ್ಬೊಬ್ಬರಿಗೆ, 16ರಲ್ಲಿ ಇಬ್ಬಿಬ್ಬರಿಗೆ, 6ರಲ್ಲಿ ಮೂವರಿಗೆ, ಒಂದು ಮನೆಯಲ್ಲಿ ನಾಲ್ವರಿಗೆ. ಅಂದರೆ 86 ರೋಗಿಗಳು. ಕಾಲರಾ ಊರಿನ ಎಲ್ಲ ಮನೆಗಳ ಮೇಲೂ ಒಂದೇ ಸಮನೆ, ಕುರುಡಾಗಿ ಬಿದ್ದಿದ್ದರೆ ಒಬ್ಬರೇ ಮಲಗಿದ ಮನೆಗಳು ಸುಮಾರು 58 ಇರಬೇಕಿತ್ತು, ಇದ್ದದ್ದು 32. ಮೂವರು ಮಲಗಿದವು ಒಂದೋ ಎರಡೋ ಇರಬೇಕಿತ್ತು, ಇದ್ದದ್ದು 6. ಎಲ್ಲೋ ಲೆಕ್ಕ ಕೂಡುತ್ತಿಲ್ಲ.

ಮೆಕೆಂಡ್ರಿಕ್ ಮಾಡಿದ ಜಾಣತನವೆಂದರೆ, ರೋಗವಿಲ್ಲದ ಆ 168 ಮನೆಗಳನ್ನು ಪಕ್ಕಕ್ಕಿಟ್ಟದ್ದು. ಉಳಿದ 55 ಮನೆಗಳ ಅಂಕಿಯಿಂದಲೇ ಹಿಂದಕ್ಕೆ ಲೆಕ್ಕ ಹಾಕಿದಾಗ, ಸೋಂಕು ನಿಜವಾಗಿ ತಲುಪಬಹುದಾಗಿದ್ದ ಮನೆಗಳು ಸುಮಾರು 93 ಎಂದು ಸಿಕ್ಕಿತು. ಇವುಗಳಲ್ಲಿ ಮೂವತ್ತೇಳೆಂಟು ಅದೃಷ್ಟದಿಂದ ಪಾರಾಗಿದ್ದವು. ಮಿಕ್ಕ 130ರ ಹೊಸಿಲಿಗೆ ಕಾಲರಾ ಬಂದೇ ಇರಲಿಲ್ಲ. ಹಾಗಾದರೆ ಊರಲ್ಲಿ ಬಾವಿಗಳು ಹಲವು, ಕೆಟ್ಟದ್ದು ಒಂದು, ಅದರ ನೀರು ಕುಡಿದವರು ಈ 93 ಮನೆಯವರು ಎಂದು ಅವರು ಊಹಿಸಿದರು. ಸ್ಥಳದಲ್ಲಿ ವಿಚಾರಿಸಿದಾಗ ಸಂಗತಿ ಹಾಗೆಯೇ ಇತ್ತೆಂದು ಬರೆದಿದ್ದಾರೆ. ಬಾವಿಯನ್ನು ನೋಡದೆ ಬಾವಿಯನ್ನು ಹಿಡಿದ ಈ ಪುಟ್ಟ ಲೆಕ್ಕ, ಮಾದರಿಯೊಂದು ಮಾಡಬಹುದಾದ ಅತ್ಯುತ್ತಮ ಕೆಲಸಗಳಲ್ಲೊಂದು.

ಮರುವರ್ಷ, 1927ರಲ್ಲಿ, ಅವರೂ ಎಡಿನ್‌ಬರೋದ ವಿಲಿಯಂ ಕರ್ಮ್ಯಾಕ್ ಅವರೂ ಸೇರಿ ಪ್ರಕಟಿಸಿದ ಪ್ರಬಂಧ ಹೆಚ್ಚು ಹೆಸರಾಯಿತು. ಕರ್ಮ್ಯಾಕ್ 26ನೇ ವಯಸ್ಸಿನಲ್ಲಿ ಪ್ರಯೋಗಾಲಯದ ಸ್ಫೋಟದಲ್ಲಿ ಕಣ್ಣು ಕಳೆದುಕೊಂಡ ರಸಾಯನಶಾಸ್ತ್ರಜ್ಞ; ಆಮೇಲಿನ ಗಣಿತವನ್ನೆಲ್ಲ ಅವರು ಮನಸ್ಸಿನಲ್ಲೇ ನಡೆಸಬೇಕಿತ್ತು. ಇಬ್ಬರೂ ಜನರನ್ನು ಮೂರು ಗುಂಪಾಗಿ ಒಡೆದರು: ಸೋಂಕಿಗೆ ತುತ್ತಾಗಬಲ್ಲವರು, ಸೋಂಕಿತರು, ಗುಣವಾಗಿಯೋ ಸತ್ತೋ ಆಟದಿಂದ ಹೊರಬಿದ್ದವರು. ಒಂದು ಗುಂಪಿನಿಂದ ಇನ್ನೊಂದಕ್ಕೆ ಜನ ಸರಿಯುವ ವೇಗವೇ ಸಮೀಕರಣ. ತುತ್ತಾಗಬಲ್ಲವರೆಲ್ಲ ಮುಗಿದುಹೋದ ಮೇಲೆ ರೋಗ ನಿಲ್ಲುತ್ತದೆ ಎಂಬ ನಂಬಿಕೆಯನ್ನು ಇದು ಅಲುಗಿಸಿತು. ಅಂಥವರು ಇನ್ನೂ ಬೇಕಾದಷ್ಟು ಉಳಿದಿರುವಾಗಲೇ, ಅವರ ಸಾಂದ್ರತೆ ಮಿತಿಗಿಂತ ತೆಳುವಾದರೆ ರೋಗ ಇಳಿಮುಖವಾಗುತ್ತದೆ. ಲಸಿಕೆಯ ಲೆಕ್ಕವೂ ಇದೇ ಜಾಡಿನದು: ದಡಾರದ ಒಬ್ಬ ರೋಗಿಯಿಂದ 15 ಜನರಿಗೆ ಹರಡುವಂತಿದ್ದರೆ, ಶೇ. 93ಕ್ಕಿಂತ ಹೆಚ್ಚು ಜನರಲ್ಲಿ ರೋಗನಿರೋಧಕತೆ ಇರಬೇಕು.

ಉದಾಹರಣೆಗೆ ಅವರು ಆರಿಸಿದ್ದು ಮುಂಬಯಿಯ ಪ್ಲೇಗ್: 1905ರ ಡಿಸೆಂಬರಿನಿಂದ 1906ರ ಜುಲೈವರೆಗಿನ ವಾರವಾರದ ಸಾವುಗಳು. ಗಂಟೆಯಾಕಾರದ ರೇಖೆ ಅಂಕಿಗಳ ಮೇಲೆ ಚೆಂದವಾಗಿ ಕೂತಿತು. ಕೂತದ್ದೇ ತೊಡಕು. ಮುಂಬಯಿಯಲ್ಲಿ ಪ್ಲೇಗ್ ಹರಡಿದ್ದು ಇಲಿ ಮತ್ತು ಚಿಗಟಗಳ ಮೂಲಕ, ಪ್ರತಿವರ್ಷ ಋತುವಿಗೆ ತಕ್ಕಂತೆ. ಸಮೀಕರಣದಲ್ಲಿ ಇಲಿಯೂ ಇರಲಿಲ್ಲ, ಋತುವೂ ಇರಲಿಲ್ಲ. ರೇಖೆ ಹೊಂದಿದ ಮಾತ್ರಕ್ಕೆ ಕಾರಣವೂ ಹೊಂದಬೇಕೆಂದಿಲ್ಲ.

ಕೋವಿಡ್ ಕಾಲದಲ್ಲಿ ಈ ಎಚ್ಚರ ಮತ್ತೆ ಬೇಕಾಯಿತು. ಭಾರತದ ‘ಸೂತ್ರ’ ಮಾದರಿ 2021ರ ಎರಡನೇ ಅಲೆಯ ಎತ್ತರವನ್ನು ಮುಂಗಾಣಲಿಲ್ಲ. ರೂಪಿಸಿದವರೇ ಅದನ್ನು ಒಪ್ಪಿಕೊಂಡರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು 2020ರಲ್ಲಿ ಬೇರೆ ದಾರಿ ಹಿಡಿದರು. ಮೂರು ಗುಂಪುಗಳ ಬದಲು ಕಂಪ್ಯೂಟರಿನೊಳಗೆ ಬೆಂಗಳೂರು, ಮುಂಬಯಿಗಳನ್ನೇ ಕಟ್ಟಿ, ಒಬ್ಬೊಬ್ಬ ಕಾಲ್ಪನಿಕ ನಿವಾಸಿಗೂ ಮನೆ, ಶಾಲೆ ಅಥವಾ ಕೆಲಸದ ಜಾಗ ಕೊಟ್ಟರು. ಶಾಲೆ ಮುಚ್ಚಿದರೆ, ಲೋಕಲ್ ರೈಲು ಮತ್ತೆ ಓಡಿಸಿದರೆ ಸೋಂಕು ಎತ್ತ ತಿರುಗೀತು ಎಂದು ಅಲ್ಲಿ ಪರೀಕ್ಷಿಸಿ ನೋಡಬಹುದಿತ್ತು.